ದ್ವೀಪ ಬೇಕಿತ್ತೇ, ನೆಲೆ ಬೇಕಿತ್ತೇ? ಒಕಿನಾವಾ ಮರಳಿಸಲು ಅಮೆರಿಕ 27 ವರ್ಷ ತೆಗೆದುಕೊಂಡದ್ದೇಕೆ

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಅಮೆರಿಕ ವಶಪಡಿಸಿಕೊಂಡ ಒಕಿನಾವಾ ದ್ವೀಪಗಳು ಜಪಾನಿಗೆ ಮರಳಿದ್ದು 1972ರಲ್ಲಿ ಎಂದು ಓದಿದ್ದೇನೆ. ಜಪಾನ್ 1952ರಲ್ಲೇ ಸ್ವತಂತ್ರವಾಗಿತ್ತು, ಅಮೆರಿಕದ ಮಿತ್ರರಾಷ್ಟ್ರವೂ ಆಗಿತ್ತು. ಹಾಗಿದ್ದರೂ ಇಷ್ಟು ವರ್ಷ ಏಕೆ ಬೇಕಾಯಿತು? ಅಮೆರಿಕದ ಸೈನ್ಯಕ್ಕೂ ಅದರ ವಿದೇಶಾಂಗ ಇಲಾಖೆಗೂ ಈ ವಿಷಯದಲ್ಲಿ ಜಗಳವಿತ್ತು ಎನ್ನುತ್ತಾರೆ. ಅದು ನಿಜವಾದರೆ ಕೊನೆಗೆ ಗೆದ್ದವರು ಯಾರು? ಆಗ ಭಾರತದ ನಿಲುವು ಏನಿತ್ತು?

ಉತ್ತರ: ಜಗಳವಿದ್ದದ್ದು ನಿಜ. 1946ರಲ್ಲಿ ಕಡತಗಳೊಳಗೆ ಆರಂಭವಾದ ಆ ಭಿನ್ನಾಭಿಪ್ರಾಯ ಟ್ರೂಮನ್ ಅವರಿಂದ ನಿಕ್ಸನ್ ಅವರವರೆಗೆ ಐವರು ಅಧ್ಯಕ್ಷರ ಕಾಲದಲ್ಲಿ ಮುಂದುವರಿದು, 1969ರಲ್ಲಿ ಒಂದು ತೀರ್ಮಾನಕ್ಕೆ ಬಂತು. ಆದರೆ ಸೈನ್ಯ ಕೊಡಬಾರದೆಂದಿತು, ರಾಜತಂತ್ರಜ್ಞರು ಕೊಡಬೇಕೆಂದರು ಎಂದು ಎರಡು ಪಾಲು ಮಾಡಿಬಿಟ್ಟರೆ ವಿಷಯ ಅರ್ಥವಾಗುವುದಿಲ್ಲ. ಮೊದಲ ಎರಡು ವರ್ಷಗಳನ್ನು ಬಿಟ್ಟರೆ, ಒಕಿನಾವಾದಲ್ಲಿ ಅಮೆರಿಕದ ಸೇನಾ ನೆಲೆಗಳು ಇರಬೇಕು ಎನ್ನುವ ವಿಷಯದಲ್ಲಿ ಈ ಇಬ್ಬರ ನಡುವೆ ಭೇದವೇ ಇರಲಿಲ್ಲ. ನೆಲೆಗಳನ್ನು ಉಳಿಸಿಕೊಳ್ಳಲು ಅಲ್ಲಿನ ಜನರನ್ನೂ ಆಳಲೇಬೇಕೇ ಎಂಬುದೊಂದೇ ಅವರ ನಡುವಿನ ಪ್ರಶ್ನೆಯಾಗಿತ್ತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ 27 ವರ್ಷಗಳ ವಿಳಂಬವೂ, ಕೊನೆಗೆ ಆದ ಒಪ್ಪಂದದ ಸ್ವರೂಪವೂ ಸ್ಪಷ್ಟವಾಗುತ್ತವೆ.

ಒಕಿನಾವಾ ಎಂಬುದು ಜಪಾನಿನ ಕ್ಯೂಶು ದ್ವೀಪದಿಂದ ತೈವಾನ್‌ವರೆಗೆ ಸರಪಳಿಯಂತೆ ಹರಡಿರುವ ರ‍್ಯೂಕ್ಯೂ ದ್ವೀಪಗಳಲ್ಲಿ ದೊಡ್ಡದು. ಅದು ಮೊದಲು ತನ್ನದೇ ಅರಸರಿದ್ದ ರಾಜ್ಯವಾಗಿತ್ತು. 1879ರಲ್ಲಿ ಜಪಾನ್ ಅದನ್ನು ತನ್ನ ಒಂದು ಪ್ರಾಂತವನ್ನಾಗಿ ಸೇರಿಸಿಕೊಂಡಿತು. ಒಕಿನಾವಾದ ರಾಜಧಾನಿ ನಾಹಾದಿಂದ ಟೋಕಿಯೊ ಸುಮಾರು 1,550 ಕಿಲೋಮೀಟರ್ ದೂರದಲ್ಲಿದ್ದರೆ ತೈಪೆ ಸುಮಾರು 630, ಶಾಂಘೈ ಸುಮಾರು 820 ಕಿಲೋಮೀಟರ್ ದೂರದಲ್ಲಿವೆ. ಸೇನಾ ನಕ್ಷೆಯ ಮುಂದೆ ಕುಳಿತವರಿಗೆ ಈ ಮೂರು ಅಂಕಿಗಳೇ ಸಾಕಾಗಿದ್ದವು. ಅದರ ಮೇಲೆ ರಕ್ತದ ಲೆಕ್ಕವೂ ಇತ್ತು. 1945ರ ಏಪ್ರಿಲ್ 1ರಂದು ಆರಂಭವಾಗಿ ಜೂನ್ ಉತ್ತರಾರ್ಧದವರೆಗೆ ನಡೆದ ಒಕಿನಾವಾ ಕದನದಲ್ಲಿ 12,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ಇಷ್ಟು ಬೆಲೆ ತೆತ್ತು ಪಡೆದ ನೆಲವನ್ನು ಬಿಟ್ಟುಕೊಡುವುದೆಂದರೇನು ಎಂಬ ಭಾವನೆ ಸೇನಾಧಿಕಾರಿಗಳ ಬರಹಗಳ ಹಿಂದೆ ಕೊನೆಯವರೆಗೂ ಇತ್ತು. ಅದೇ ಕದನದಲ್ಲಿ ಒಕಿನಾವಾದ ಜನಸಂಖ್ಯೆಯ ಸುಮಾರು ನಾಲ್ಕನೇ ಒಂದು ಭಾಗ ನಾಶವಾಯಿತೆಂಬ ಸಂಗತಿ ಆ ಬರಹಗಳಲ್ಲಿ ಅಪರೂಪವಾಗಿ ಮಾತ್ರ ಕಾಣಿಸುತ್ತದೆ.

ಯುದ್ಧ ಮುಗಿದಾಗ ಅಮೆರಿಕದ ಕೈಯನ್ನು ಅದರದೇ ಮಾತುಗಳು ಕಟ್ಟಿಹಾಕಿದ್ದವು. 1941ರ ಅಟ್ಲಾಂಟಿಕ್ ಸನ್ನದಿನಲ್ಲಿ ರೂಸ್ವೆಲ್ಟ್ ಮತ್ತು ಚರ್ಚಿಲ್ ತಮಗೆ ಯಾವ ಪ್ರದೇಶವೂ ಬೇಕಿಲ್ಲವೆಂದು ಸಾರಿದ್ದರು. 1943ರ ಕೈರೋ ಘೋಷಣೆ ಅದನ್ನೇ ಮತ್ತೊಮ್ಮೆ ಹೇಳಿತ್ತು. 1945ರ ಜುಲೈನ ಪಾಟ್ಸ್‌ಡ್ಯಾಮ್ ಘೋಷಣೆ ಮಾತ್ರ ಒಂದು ಬಾಗಿಲನ್ನು ತೆರೆದಿಟ್ಟಿತು: ಜಪಾನಿನ ಸಾರ್ವಭೌಮತ್ವ ನಾಲ್ಕು ದೊಡ್ಡ ದ್ವೀಪಗಳಿಗೆ ಮತ್ತು ಮಿತ್ರಪಕ್ಷಗಳು ನಿರ್ಧರಿಸುವ ಸಣ್ಣ ದ್ವೀಪಗಳಿಗೆ ಸೀಮಿತವಾಗಿರುತ್ತದೆ ಎಂದು ಅದರಲ್ಲಿತ್ತು. ಒಕಿನಾವಾ ಆ ಸಣ್ಣ ದ್ವೀಪಗಳಲ್ಲಿ ಸೇರುತ್ತದೆಯೇ ಇಲ್ಲವೇ ಎಂಬುದರ ಮೇಲೆ ವಾಷಿಂಗ್ಟನ್‌ನಲ್ಲಿ ವಾದ ಶುರುವಾಯಿತು. 1946ರ ಜನವರಿಯಲ್ಲಿ ಸೋತ ಜಪಾನನ್ನು ಆಳುತ್ತಿದ್ದ ಮಿತ್ರಪಕ್ಷಗಳ ಸೇನೆಯ ಮುಖ್ಯ ಕಚೇರಿ 30 ಡಿಗ್ರಿ ಉತ್ತರ ಅಕ್ಷಾಂಶದ ದಕ್ಷಿಣಕ್ಕಿರುವ ರ‍್ಯೂಕ್ಯೂ ದ್ವೀಪಗಳನ್ನು ಜಪಾನಿನ ಆಡಳಿತದಿಂದ ಬೇರ್ಪಡಿಸಿತು. ಇದು ಆಡಳಿತದ ಅನುಕೂಲಕ್ಕೆ ಎಳೆದ ಗೆರೆ, ಅಂತಿಮ ತೀರ್ಮಾನವಲ್ಲ ಎಂದು ಆ ಆದೇಶದಲ್ಲೇ ಬರೆದಿದ್ದರೂ, ಒಮ್ಮೆ ಎಳೆದ ಗೆರೆ ಅಳಿಸಿಹೋಗಲು ಕಾಲು ಶತಮಾನಕ್ಕಿಂತ ಹೆಚ್ಚು ಹಿಡಿಯಿತು.

1946ರ ಜೂನ್‌ನಲ್ಲಿ ವಿದೇಶಾಂಗ ಇಲಾಖೆ ತನ್ನ ನಿಲುವನ್ನು ಲಿಖಿತವಾಗಿ ಮಂಡಿಸಿತು. ಒಕಿನಾವಾ ಸೇರಿದಂತೆ ರ‍್ಯೂಕ್ಯೂ ದ್ವೀಪಗಳನ್ನು ಜಪಾನಿಗೆ ಮರಳಿಸಬೇಕು, ಅಲ್ಲಿ ಸೈನ್ಯವಿಲ್ಲದಂತೆ ನೋಡಿಕೊಳ್ಳಬೇಕು ಎಂಬುದು ಅದರ ಸಾರ. ಅದಕ್ಕೆ ಕೊಟ್ಟ ಕಾರಣಗಳು ಗಟ್ಟಿಯಾಗಿದ್ದವು. ಈ ದ್ವೀಪಗಳು ತಮ್ಮ ಅನ್ನವನ್ನು ತಾವೇ ಬೆಳೆದುಕೊಳ್ಳಲಾರವು, ಹಾಗಾಗಿ ಇವನ್ನು ಹಿಡಿದುಕೊಂಡವರು ಲಕ್ಷಾಂತರ ಜನರನ್ನು ಸಾಕಬೇಕಾಗುತ್ತದೆ. ಭಾಷೆ, ಸಂಸ್ಕೃತಿ, ವ್ಯಾಪಾರಗಳಲ್ಲಿ ಇವು ಜಪಾನಿಗೆ ಹತ್ತಿರವಾದವು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರದೇಶದ ಆಸೆ ನಮಗಿಲ್ಲವೆಂದು ಸಾರಿದ ದೇಶವೇ ಅದನ್ನು ಹಿಡಿದಿಟ್ಟುಕೊಂಡರೆ ಏಷ್ಯಾದ ದೇಶಗಳು ಅದನ್ನು ಸಾಮ್ರಾಜ್ಯಶಾಹಿ ಎಂದೇ ಕರೆಯುತ್ತವೆ. ಮೂರೂ ಸೇನಾ ವಿಭಾಗಗಳ ಪರವಾಗಿ ಮಾತನಾಡುವ ಜಂಟಿ ಸೇನಾ ಮುಖ್ಯಸ್ಥರ ಮಂಡಳಿ ಇದನ್ನು ಸಂಪೂರ್ಣವಾಗಿ ತಳ್ಳಿಹಾಕಿತು. ವಿಶ್ವಸಂಸ್ಥೆಯ ಟ್ರಸ್ಟೀಶಿಪ್ ವ್ಯವಸ್ಥೆಯಲ್ಲಿ, ಅಂದರೆ ವಿಶ್ವಸಂಸ್ಥೆಯ ಪರವಾಗಿ ಒಂದು ಪ್ರದೇಶವನ್ನು ಇನ್ನೊಂದು ದೇಶ ಆಳುವ ವ್ಯವಸ್ಥೆಯಲ್ಲಿ, ಸೇನಾ ಪ್ರಾಮುಖ್ಯದ ಪ್ರದೇಶಗಳಿಗೆ ಮೀಸಲಾಗಿದ್ದ ವಿಶೇಷ ವರ್ಗದಡಿ ಒಕಿನಾವಾವನ್ನು ಅಮೆರಿಕವೊಂದೇ ಆಳಬೇಕು, ಅದಕ್ಕಿಂತ ಕಡಿಮೆಯದ್ದು ಸಾಲದು ಎಂದು ಅದು ಹಟ ಹಿಡಿಯಿತು. ಜಪಾನಿನ ಹಿಡಿತದಲ್ಲಿದ್ದ ಮಾರ್ಷಲ್, ಕ್ಯಾರೊಲೈನ್, ಮರಿಯಾನಾ ದ್ವೀಪಗಳು 1947ರ ಜುಲೈನಲ್ಲಿ ಇದೇ ರೀತಿ ಅಮೆರಿಕದ ಆಡಳಿತಕ್ಕೆ ಬಂದಾಗ ಸೈನ್ಯದ ವಾದಕ್ಕೆ ಒಂದು ಮೇಲ್ಪಂಕ್ತಿಯೂ ಸಿಕ್ಕಿತು.

ಟೋಕಿಯೊದಲ್ಲಿ ಮಿತ್ರಪಕ್ಷಗಳ ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಮ್ಯಾಕಾರ್ಥರ್ ಸೈನ್ಯದ ಪಕ್ಷಕ್ಕೆ ಇನ್ನೊಂದು ತರ್ಕವನ್ನು ಸೇರಿಸಿದರು. ಒಕಿನಾವಾದವರು ಜಪಾನೀಯರೇ ಅಲ್ಲ, ಆದ್ದರಿಂದ ಅಮೆರಿಕ ಆ ದ್ವೀಪವನ್ನು ಇಟ್ಟುಕೊಂಡರೆ ಜಪಾನೀಯರು ವಿರೋಧಿಸುವುದಿಲ್ಲ ಎಂಬ ಅರ್ಥದ ಮಾತನ್ನು 1947ರ ಜೂನ್‌ನಲ್ಲಿ ಅವರು ಅಮೆರಿಕನ್ ಪತ್ರಕರ್ತರಿಗೆ ಹೇಳಿದರು. ಜಪಾನ್ ಸೈನ್ಯವನ್ನು ತೊರೆದು ಶಾಂತಿ ಸಂವಿಧಾನವನ್ನು ಪಾಲಿಸಲು ಸಾಧ್ಯವಾಗುವುದು ಒಕಿನಾವಾದಲ್ಲಿ ಅಮೆರಿಕದ ವಾಯುಬಲವಿದ್ದರೆ ಮಾತ್ರ ಎಂಬುದು ಅವರ ನಂಬಿಕೆಯಾಗಿತ್ತು. ಇಂದು ಜಪಾನಿನ ಶಾಂತಿ ಸಂವಿಧಾನವನ್ನು ಹೊಗಳುವವರು ಅದರ ಬೆಲೆಯನ್ನು ಯಾವ ದ್ವೀಪ ತೆತ್ತಿತು ಎಂಬುದನ್ನೂ ನೋಡಬೇಕೆಂದು ನಾನು ಬಯಸುತ್ತೇನೆ. 1947ರ ಸೆಪ್ಟೆಂಬರ್‌ನಲ್ಲಿ ಚಕ್ರವರ್ತಿ ಹಿರೊಹಿಟೊ ಅವರ ಸಹಾಯಕ ತೆರಸಾಕಿ ಹಿದೆನಾರಿ ಅಮೆರಿಕದ ರಾಜತಾಂತ್ರಿಕ ವಿಲಿಯಂ ಸೀಬಾಲ್ಡ್ ಅವರನ್ನು ಕಂಡು, ಒಕಿನಾವಾದಲ್ಲಿ ಅಮೆರಿಕದ ಸೇನಾ ಉಪಸ್ಥಿತಿ ಮುಂದುವರಿಯಲಿ, ಆದರೆ ಅದು ಸಾರ್ವಭೌಮತ್ವವನ್ನು ಜಪಾನಿನಲ್ಲೇ ಉಳಿಸಿ 25ರಿಂದ 50 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲದ ಗುತ್ತಿಗೆಯ ರೂಪದಲ್ಲಿರಲಿ ಎಂಬ ಚಕ್ರವರ್ತಿಯ ಅಭಿಪ್ರಾಯವನ್ನು ತಿಳಿಸಿದರು. ಈ ದಾಖಲೆ ಬೆಳಕಿಗೆ ಬಂದದ್ದು 1979ರಲ್ಲಿ. ಒಕಿನಾವಾದವರಿಗೆ ಅದು ಇಂದಿಗೂ ಮಾಯದ ಗಾಯ.

ವಿದೇಶಾಂಗ ಇಲಾಖೆಯ ಮೊದಲ ನಿಲುವು ಬದಲಾದದ್ದು 1948ರಲ್ಲಿ. ಇಲಾಖೆಯ ನೀತಿ ಯೋಜನಾ ವಿಭಾಗದ ಮುಖ್ಯಸ್ಥರಾಗಿದ್ದ ಜಾರ್ಜ್ ಕೆನನ್ ಆ ವರ್ಷದ ಮಾರ್ಚ್‌ನಲ್ಲಿ ಜಪಾನಿಗೆ ಹೋಗಿ ಮ್ಯಾಕಾರ್ಥರ್ ಅವರೊಡನೆ ಚರ್ಚಿಸಿದರು. ಒಕಿನಾವಾದ ನೆಲೆಗಳನ್ನು ದೀರ್ಘಕಾಲ ಉಳಿಸಿಕೊಳ್ಳಬೇಕೆಂದು ಶಿಫಾರಸು ಮಾಡಿದರು. ರಾಷ್ಟ್ರೀಯ ಭದ್ರತಾ ಮಂಡಳಿ ಅದನ್ನು ನೀತಿಯಾಗಿ ಸ್ವೀಕರಿಸಿತು. ಮರುವರ್ಷ ಸೋವಿಯತ್ ಒಕ್ಕೂಟ ಅಣುಬಾಂಬ್ ಪರೀಕ್ಷಿಸಿತು, ಚೀನಾದಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದರು, 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾಗಿ ಒಕಿನಾವಾದ ಕಡೇನಾ ವಾಯುನೆಲೆಯಿಂದ ಬಿ-29 ವಿಮಾನಗಳು ಬಾಂಬ್ ಹೊತ್ತು ಹಾರಿದವು. ಅಲ್ಲಿಂದ ಮುಂದೆ ನೆಲೆ ಬೇಡವೆನ್ನುವ ಮಾತು ವಾಷಿಂಗ್ಟನ್‌ನಲ್ಲಿ ಕೇಳಲಿಲ್ಲ.

ಹಾಗಾದರೆ 1951ರ ಶಾಂತಿ ಒಪ್ಪಂದದ ಹೊತ್ತಿಗೆ ವಾದಿಸಲು ಏನು ಉಳಿದಿತ್ತು? ಸಾರ್ವಭೌಮತ್ವ ಉಳಿದಿತ್ತು. ಒಪ್ಪಂದವನ್ನು ರೂಪಿಸುತ್ತಿದ್ದ ಜಾನ್ ಫಾಸ್ಟರ್ ಡಲ್ಲೆಸ್ ಅವರ ಎರಡೂ ಕಡೆ ಒತ್ತಡವಿತ್ತು. ಸೇನಾ ಮುಖ್ಯಸ್ಥರಿಗೆ ದ್ವೀಪಗಳ ಮೇಲೆ ಪೂರ್ಣ ಹಿಡಿತ ಬೇಕಿತ್ತು. ಜಪಾನಿನ ಪ್ರಧಾನಿ ಯೊಶಿದಾ ಶಿಗೆರು, ಬ್ರಿಟನ್ ಬರ್ಮುಡಾದಲ್ಲಿ ಅಮೆರಿಕಕ್ಕೆ ನೆಲೆಗಳನ್ನು ಗುತ್ತಿಗೆ ಕೊಟ್ಟ ಮಾದರಿಯಲ್ಲಿ ತಾವೂ ಕೊಡುವುದಾಗಿಯೂ ದ್ವೀಪಗಳನ್ನು ಮಾತ್ರ ಕಿತ್ತುಕೊಳ್ಳಬಾರದೆಂದೂ ಕೇಳಿಕೊಂಡರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬಂತೆ ಡಲ್ಲೆಸ್ ಒಂದು ಸೂತ್ರವನ್ನು ಹೆಣೆದರು. 1951ರ ಸೆಪ್ಟೆಂಬರ್ 8ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಹಿಯಾದ ಒಪ್ಪಂದದ 3ನೇ ವಿಧಿ ಹೀಗೆ ಹೇಳುತ್ತದೆ: 29 ಡಿಗ್ರಿ ಉತ್ತರ ಅಕ್ಷಾಂಶದ ದಕ್ಷಿಣಕ್ಕಿರುವ ರ‍್ಯೂಕ್ಯೂ ದ್ವೀಪಗಳನ್ನೂ, ಒಗಸವಾರಾ ಮತ್ತು ಇವೊ ಜಿಮಾ ಸೇರಿದ ದ್ವೀಪಸಮೂಹವನ್ನೂ ಟ್ರಸ್ಟೀಶಿಪ್ ಅಡಿಯಲ್ಲಿ ಇಡಲು ಅಮೆರಿಕ ವಿಶ್ವಸಂಸ್ಥೆಗೆ ಪ್ರಸ್ತಾವ ಸಲ್ಲಿಸಿದರೆ ಜಪಾನ್ ಅದಕ್ಕೆ ಸಮ್ಮತಿಸುತ್ತದೆ; ಪ್ರಸ್ತಾವ ಸಲ್ಲಿಕೆಯಾಗಿ ಅಂಗೀಕಾರವಾಗುವವರೆಗೆ ಅಲ್ಲಿ ಆಡಳಿತ, ಶಾಸನ, ನ್ಯಾಯಾಧಿಕಾರಗಳ ಎಲ್ಲ ಹಕ್ಕುಗಳೂ ಅಮೆರಿಕಕ್ಕೆ ಇರುತ್ತವೆ. ಜಪಾನ್ ಸಾರ್ವಭೌಮತ್ವವನ್ನು ಬಿಟ್ಟುಕೊಟ್ಟಿದೆ ಎಂದು ಮಾತ್ರ ಎಲ್ಲೂ ಬರೆಯಲಿಲ್ಲ. ಸಮ್ಮೇಳನದಲ್ಲಿ ಮಾತನಾಡುತ್ತ ಡಲ್ಲೆಸ್, ಜಪಾನಿಗೆ ಅಲ್ಲಿ ಉಳಿಕೆ ಸಾರ್ವಭೌಮತ್ವವಿದೆ ಎಂದರು. ನಮ್ಮ ಹಳ್ಳಿಗಳ ಮಾತಿನಲ್ಲಿ ಹೇಳುವುದಾದರೆ, ಪಹಣಿ ಒಬ್ಬರ ಹೆಸರಿನಲ್ಲಿ, ಉಳುಮೆ ಇನ್ನೊಬ್ಬರದು.

ಈ ವಿಧಿಯ ಕಾನೂನು ಸ್ವರೂಪ ವಿಚಿತ್ರವಾದದ್ದು. ಸೇನಾ ಪ್ರಾಮುಖ್ಯದ ಟ್ರಸ್ಟೀಶಿಪ್‌ಗೆ ಭದ್ರತಾ ಮಂಡಳಿಯ ಒಪ್ಪಿಗೆ ಬೇಕು. ಶೀತಲ ಸಮರ ಬಿಸಿಯೇರಿದ್ದ ಕಾಲದಲ್ಲಿ ಸೋವಿಯತ್ ಒಕ್ಕೂಟ ಅಲ್ಲಿ ತನ್ನ ನಿಷೇಧಾಧಿಕಾರವನ್ನು ಚಲಾಯಿಸದೆ ಇರುತ್ತಿರಲಿಲ್ಲ. ಅಮೆರಿಕ ಅಂಥ ಪ್ರಸ್ತಾವವನ್ನು ಕೊನೆಯವರೆಗೂ ಸಲ್ಲಿಸಲೇ ಇಲ್ಲ. 1956ರ ಡಿಸೆಂಬರ್‌ನಲ್ಲಿ ಜಪಾನ್ ವಿಶ್ವಸಂಸ್ಥೆಯ ಸದಸ್ಯವಾಯಿತು. ಸದಸ್ಯ ರಾಷ್ಟ್ರವಾದ ಪ್ರದೇಶಕ್ಕೆ ಟ್ರಸ್ಟೀಶಿಪ್ ಅನ್ವಯಿಸದು ಎಂದು ವಿಶ್ವಸಂಸ್ಥೆಯ ಸನ್ನದಿನ 78ನೇ ವಿಧಿ ಹೇಳುವುದರಿಂದ, ಜಪಾನಿನ ಭಾಗವೆಂದು ಅಮೆರಿಕವೇ ಒಪ್ಪಿದ್ದ ದ್ವೀಪಗಳನ್ನು ಆ ಮೇಲೆ ಟ್ರಸ್ಟೀಶಿಪ್‌ಗೆ ಒಳಪಡಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಜಪಾನಿನ ಅನೇಕ ನ್ಯಾಯಶಾಸ್ತ್ರಜ್ಞರು ಎತ್ತಿದರು. ತಾತ್ಕಾಲಿಕವೆಂದು ಬರೆದ ಅಧಿಕಾರ ಹೀಗೆ ಆಧಾರವೇ ಇಲ್ಲದೆ 20 ವರ್ಷ ನಡೆಯಿತು. ಒಪ್ಪಂದ ಜಾರಿಗೆ ಬಂದ 1952ರ ಏಪ್ರಿಲ್ 28 ಜಪಾನಿಗೆ ಸ್ವಾತಂತ್ರ್ಯ ಮರಳಿದ ದಿನ. ಒಕಿನಾವಾದಲ್ಲಿ ಅದನ್ನು ಅವಮಾನದ ದಿನವೆಂದು ಕರೆಯುತ್ತಾರೆ.

ಭಾರತದ ನಿಲುವನ್ನು ಇಲ್ಲಿಯೇ ಹೇಳಬೇಕು. ನೆಹರೂ ಸರ್ಕಾರ ಸ್ಯಾನ್ ಫ್ರಾನ್ಸಿಸ್ಕೊ ಸಮ್ಮೇಳನಕ್ಕೆ ಹೋಗಲೇ ಇಲ್ಲ. 1951ರ ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಕಳುಹಿಸಿದ ಟಿಪ್ಪಣಿಯಲ್ಲಿ ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ಈ ದ್ವೀಪಗಳದೇ ಆಗಿತ್ತು. ಅಲ್ಲಿನ ನಿವಾಸಿಗಳಿಗೂ ಜಪಾನೀಯರಿಗೂ ಚಾರಿತ್ರಿಕ ಸಂಬಂಧವಿದೆ, ಜಪಾನ್ ಅವನ್ನು ಆಕ್ರಮಣದಿಂದ ಗಳಿಸಿದ್ದಲ್ಲ, ಆದ್ದರಿಂದ ಅವುಗಳ ಪೂರ್ಣ ಸಾರ್ವಭೌಮತ್ವವನ್ನು ಜಪಾನಿಗೆ ಮರಳಿಸಬೇಕು ಎಂಬುದು ಭಾರತದ ವಾದ. ಭಾರತ 1952ರ ಜೂನ್ 9ರಂದು ಜಪಾನಿನೊಂದಿಗೆ ಪ್ರತ್ಯೇಕ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿತು. ಈ ಟಿಪ್ಪಣಿಯಿಂದ ಅಮೆರಿಕದ ಮನಸ್ಸು ಬದಲಾಗಲಿಲ್ಲ. ಆದರೆ ವಿದೇಶಾಂಗ ಇಲಾಖೆ 1946ರಲ್ಲೇ ಎಚ್ಚರಿಸಿದ್ದ ಮಾತನ್ನು, ಹೊಸದಾಗಿ ಸ್ವತಂತ್ರವಾದ ಏಷ್ಯಾದ ದೊಡ್ಡ ದೇಶವೊಂದು ಅಧಿಕೃತವಾಗಿ ಆಡಿ ತೋರಿಸಿದಂತಾಯಿತು. ರ‍್ಯೂಕ್ಯೂ ರಾಜ್ಯವನ್ನು ಜಪಾನ್ 1879ರಲ್ಲಿ ಸೇರಿಸಿಕೊಂಡ ರೀತಿಯನ್ನು ತಿಳಿದವರು ಆಕ್ರಮಣದಿಂದ ಗಳಿಸಿದ್ದಲ್ಲ ಎಂಬ ಭಾಗವನ್ನು ಪ್ರಶ್ನಿಸಬಹುದು. ಆ ಪ್ರಶ್ನೆಗೂ ಅರ್ಥವಿದೆ ಎಂದೇ ನಾನು ಭಾವಿಸುತ್ತೇನೆ.

ಮೊದಲ ಬಿರುಕು ಕಂಡದ್ದು ಉತ್ತರದ ಅಮಾಮಿ ದ್ವೀಪಗಳಲ್ಲಿ. ಸುಮಾರು 2 ಲಕ್ಷ ಜನರಿದ್ದ ಅಮಾಮಿಗೆ ಎಲ್ಲ ವ್ಯವಹಾರವೂ ಕ್ಯೂಶುವಿನ ಕಗೊಶಿಮಾ ಪ್ರಾಂತದೊಡನೆ ಇತ್ತು. ಗೆರೆ ಎಳೆದ ಮೇಲೆ ಆ ಮಾರುಕಟ್ಟೆ ಕೈತಪ್ಪಿ ಜನ ಬಡತನಕ್ಕೆ ಬಿದ್ದರು. 1951ರಲ್ಲಿ 14 ವರ್ಷ ದಾಟಿದ ನಿವಾಸಿಗಳಲ್ಲಿ ಶೇ 99.8ರಷ್ಟು ಮಂದಿ ಜಪಾನಿಗೆ ಮರಳಬೇಕೆಂಬ ಮನವಿಗೆ ಸಹಿ ಹಾಕಿದರು. ಚಳವಳಿಯ ನಾಯಕ, ಕವಿ ಇಜುಮಿ ಹೊರೊ ಆಗಸ್ಟ್‌ನಲ್ಲಿ ಐದು ದಿನ ಉಪವಾಸ ಕುಳಿತರು. ಒಂದನ್ನು ಕೊಟ್ಟರೆ ನಾಳೆ ಎಲ್ಲವನ್ನೂ ಕೇಳುತ್ತಾರೆ ಎಂಬುದು ಸೇನಾ ಮುಖ್ಯಸ್ಥರ ಆಕ್ಷೇಪವಾಗಿತ್ತು. ಆಗ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಡಲ್ಲೆಸ್ ಅದಕ್ಕೆ ತಿರುಗಿ ಕೇಳಿದ ಪ್ರಶ್ನೆ ಸರಳವಾಗಿತ್ತು: ಸೇನೆಗೆ ಹೆಚ್ಚು ಉಪಯೋಗವಿಲ್ಲದ ದ್ವೀಪಗಳನ್ನು ಹಿಡಿದುಕೊಂಡು ಜಪಾನಿನ ಸ್ನೇಹವನ್ನೇಕೆ ಕಳೆದುಕೊಳ್ಳಬೇಕು? ಐಸೆನ್‌ಹೋವರ್ ಈ ಬಾರಿ ಡಲ್ಲೆಸ್ ಅವರ ಮಾತನ್ನು ಒಪ್ಪಿದರು. 1953ರ ಡಿಸೆಂಬರ್ 25ರಂದು ಅಮಾಮಿ ಜಪಾನಿಗೆ ಮರಳಿತು. ಆದರೆ ಸೈನ್ಯದ ಆತಂಕಕ್ಕೆ ಉತ್ತರವೆಂಬಂತೆ, ಎರಡೇ ವಾರಗಳಲ್ಲಿ, 1954ರ ಜನವರಿಯ ತಮ್ಮ ವಾರ್ಷಿಕ ಭಾಷಣದಲ್ಲಿ ಐಸೆನ್‌ಹೋವರ್ ಒಕಿನಾವಾದ ನೆಲೆಗಳನ್ನು ಅನಿರ್ದಿಷ್ಟ ಕಾಲದವರೆಗೆ ಉಳಿಸಿಕೊಳ್ಳುವುದಾಗಿ ಸಾರಿದರು.

ಸೈನ್ಯದ ವಾದವನ್ನು ನ್ಯಾಯವಾಗಿ ಮಂಡಿಸದೆ ಮುಂದೆ ಹೋಗಬಾರದು. ಜಪಾನಿನ ಮುಖ್ಯ ಭೂಭಾಗದಲ್ಲೂ ಅಮೆರಿಕದ ನೆಲೆಗಳಿದ್ದವು. ಆದರೆ 1960ರ ಭದ್ರತಾ ಒಪ್ಪಂದದ ಜೊತೆಗೆ ಆದ ಪತ್ರ ವಿನಿಮಯದ ಪ್ರಕಾರ, ಅಲ್ಲಿಂದ ಯುದ್ಧ ಕಾರ್ಯಾಚರಣೆ ನಡೆಸಬೇಕಾದರೆ ಅಥವಾ ಅಣ್ವಸ್ತ್ರ ತರಬೇಕಾದರೆ ಜಪಾನ್ ಸರ್ಕಾರದೊಡನೆ ಮುಂಚಿತವಾಗಿ ಸಮಾಲೋಚಿಸಬೇಕಿತ್ತು. ಒಕಿನಾವಾದಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ. 1954ರಿಂದಲೇ ಅಲ್ಲಿ ಅಣ್ವಸ್ತ್ರಗಳಿದ್ದವು; 1960ರ ದಶಕದ ಉತ್ತರಾರ್ಧದಲ್ಲಿ ಅವುಗಳ ಸಂಖ್ಯೆ ಸಾವಿರವನ್ನು ಮೀರಿತ್ತು. ವಿದೇಶಿ ಸರ್ಕಾರವೊಂದರ ಕಟ್ಟುಪಾಡಿಲ್ಲದೆ ಅಣ್ವಸ್ತ್ರ ಇಡಬಹುದಾದ ಜಾಗವೆಂದು ಅಮೆರಿಕ ಸಂಸತ್ತಿನ ಸಮಿತಿಯೊಂದರ ಪರವಾಗಿ ಮೆಲ್ವಿನ್ ಪ್ರೈಸ್ 1956ರಲ್ಲಿ ಕೊಟ್ಟ ವರದಿ ಒಕಿನಾವಾದ ಗುಣವನ್ನು ಎತ್ತಿ ಹೇಳಿತ್ತು. ಮಿತ್ರರಾಷ್ಟ್ರದ ಸರ್ಕಾರ ಇಂದು ಅನುಕೂಲವಾಗಿರಬಹುದು, ನಾಳೆಯ ಚುನಾವಣೆಯಲ್ಲಿ ಬದಲಾಗಬಹುದು. ಕೊರಿಯಾದಲ್ಲಿ ಯುದ್ಧ ಶುರುವಾದರೆ ಟೋಕಿಯೊದ ಅನುಮತಿಗೆ ಕಾದು ಕುಳಿತಿರಲು ಸಾಧ್ಯವೇ ಎಂದು ಸೇನಾ ಮುಖ್ಯಸ್ಥರು ಕೇಳುತ್ತಿದ್ದರು. ಯುದ್ಧಕ್ಕೆ ಸಿದ್ಧವಾಗಿರುವುದೇ ಯಾರ ಕರ್ತವ್ಯವೋ ಅವರಿಂದ ಬೇರೆ ಬಗೆಯ ಮಾತನ್ನು ನಿರೀಕ್ಷಿಸಲಾಗದು.

ಅವರು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಜನರನ್ನು. ನೆಲೆ ವಿಸ್ತರಿಸಲು 1955ರಲ್ಲಿ ಇಎಜಿಮಾ ಎಂಬ ಸಣ್ಣ ದ್ವೀಪದಲ್ಲೂ ಇಸಹಾಮಾ ಎಂಬ ಊರಿನಲ್ಲೂ ರೈತರ ಮನೆ ಹೊಲಗಳನ್ನು ಬಲವಂತವಾಗಿ ವಶಪಡಿಸಿಕೊಂಡದ್ದನ್ನು ಒಕಿನಾವಾದವರು ಇಂದಿಗೂ ಬಯೊನೆಟ್ ಮತ್ತು ಬುಲ್ಡೋಜರ್ ಎಂಬ ಎರಡೇ ಪದಗಳಲ್ಲಿ ನೆನೆಯುತ್ತಾರೆ. ಹೀಗೆ ಪಡೆದ ಭೂಮಿಗೆ ಒಂದೇ ಸಲ ಇಡಿಗಂಟು ಕೊಟ್ಟು ಶಾಶ್ವತವಾಗಿ ಇಟ್ಟುಕೊಳ್ಳಬಹುದೆಂಬ ವಿಚಾರವನ್ನು ಪ್ರೈಸ್ ವರದಿ ಬೆಂಬಲಿಸಿದಾಗ ಇಡೀ ದ್ವೀಪವೇ ಎದ್ದು ನಿಂತಿತು. 1956ರ ಡಿಸೆಂಬರ್‌ನಲ್ಲಿ ನಾಹಾ ನಗರದ ಜನ ಅಮೆರಿಕದ ಆಡಳಿತದ ಕಟು ಟೀಕಾಕಾರ ಸೆನಗಾ ಕಮೆಜಿರೊ ಅವರನ್ನು ಮೇಯರ್ ಆಗಿ ಆರಿಸಿದರು. ಮರುವರ್ಷ ಅಮೆರಿಕದ ಆಡಳಿತ ನಿಯಮಗಳನ್ನೇ ತಿದ್ದಿ ಅವರನ್ನು ಇಳಿಸಿತು. ಪ್ರಜಾಪ್ರಭುತ್ವದ ಹೆಸರಿನಲ್ಲಿ ಏಷ್ಯಾದಲ್ಲಿ ನಿಂತಿದ್ದೇವೆ ಎನ್ನುತ್ತಿದ್ದ ದೇಶ ಇದನ್ನು ಜಗತ್ತಿಗೆ ಹೇಗೆ ವಿವರಿಸಬೇಕು? ಇದು ರಾಜತಂತ್ರಜ್ಞರ ನಿದ್ದೆಗೆಡಿಸಿದ ಪ್ರಶ್ನೆ. 1958ರಲ್ಲಿ ಸ್ವತಃ ಐಸೆನ್‌ಹೋವರ್, ನೆಲೆಗಳನ್ನೆಲ್ಲ ಒಂದು ಕಡೆ ಸೇರಿಸಿ ಉಳಿದ ಭಾಗವನ್ನು ಮರಳಿಸಬಹುದೇ ಎಂದು ವಿಚಾರಿಸಿದರು. ನೆಲೆಗಳು ದ್ವೀಪದುದ್ದಕ್ಕೂ ಹರಡಿಕೊಂಡಿವೆ, ಅದು ಸಾಧ್ಯವಿಲ್ಲ ಎಂಬ ಉತ್ತರ ಸೇನಾ ಮುಖ್ಯಸ್ಥರಿಂದ ಬಂತು. ಐದು ನಕ್ಷತ್ರದ ಜನರಲ್ ಆಗಿದ್ದ ಅಧ್ಯಕ್ಷರಿಗೂ ಅದನ್ನು ದಾಟಲಾಗಲಿಲ್ಲವೆಂದರೆ ಸೈನ್ಯದ ಹಿಡಿತ ಎಷ್ಟಿತ್ತೆಂದು ಊಹಿಸಿಕೊಳ್ಳಬಹುದು.

ಕೆನಡಿ ಕಾಲದಲ್ಲಿ ಈ ಭಿನ್ನಾಭಿಪ್ರಾಯಕ್ಕೆ ಎರಡು ಮುಖಗಳು ಸಿಕ್ಕವು. ಒಬ್ಬರು ಟೋಕಿಯೊದಲ್ಲೇ ಹುಟ್ಟಿ, ಹಾರ್ವರ್ಡ್‌ನಲ್ಲಿ ಜಪಾನ್ ಇತಿಹಾಸ ಕಲಿಸುತ್ತಿದ್ದು, 1961ರಲ್ಲಿ ರಾಯಭಾರಿಯಾಗಿ ಬಂದ ಎಡ್ವಿನ್ ರೈಶೌರ್. ಇನ್ನೊಬ್ಬರು ಅದೇ ವರ್ಷ ಒಕಿನಾವಾದ ಹೈಕಮಿಷನರ್ ಆದ ಲೆಫ್ಟಿನೆಂಟ್ ಜನರಲ್ ಪಾಲ್ ಕ್ಯಾರವೇ. ಹೈಕಮಿಷನರ್ ಎಂದರೆ ದ್ವೀಪದ ಸೇನಾಧಿಪತಿಯೂ ಆಡಳಿತಾಧಿಕಾರಿಯೂ ಒಬ್ಬರೇ. ಸ್ಥಳೀಯ ಶಾಸನಸಭೆಯ ಕಾನೂನನ್ನು ರದ್ದುಪಡಿಸುವ ಅಧಿಕಾರವೂ ಅವರಿಗಿತ್ತು. 1962ರ ಮಾರ್ಚ್ 19ರಂದು ಕೆನಡಿ, ರ‍್ಯೂಕ್ಯೂ ದ್ವೀಪಗಳು ಜಪಾನಿನ ತಾಯ್ನೆಲದ ಭಾಗವೆಂದು ತಾವು ಗುರುತಿಸುವುದಾಗಿಯೂ, ಭದ್ರತೆಯ ಪರಿಸ್ಥಿತಿ ಅನುವು ಮಾಡಿಕೊಟ್ಟ ದಿನ ಅವು ಜಪಾನಿಗೆ ಮರಳುವುದನ್ನು ಎದುರುನೋಡುವುದಾಗಿಯೂ ಹೇಳಿದರು. ಒಂದು ವರ್ಷ ಕಳೆಯುವ ಮೊದಲೇ, 1963ರ ಮಾರ್ಚ್‌ನಲ್ಲಿ, ಒಕಿನಾವಾದ ಸ್ವಾಯತ್ತತೆ ಎನ್ನುವುದು ಒಂದು ಮಿಥ್ಯೆ ಎಂದು ಕ್ಯಾರವೇ ಅಲ್ಲಿಯೇ ಭಾಷಣ ಮಾಡಿದರು. ಟೋಕಿಯೊದಿಂದ ಬರುವ ಆರ್ಥಿಕ ನೆರವನ್ನು ಹೆಚ್ಚಿಸಿದರೆ ಜಪಾನಿನ ಕಾಲು ದ್ವೀಪದೊಳಗೆ ಊರುತ್ತದೆ ಎಂದು ಅವರು ಅದನ್ನು ತಡೆಯುತ್ತಿದ್ದರು. ಆ ನೆರವು ಹೆಚ್ಚಿದರೆ ಜನರ ಅಸಮಾಧಾನ ಇಳಿದು ನೆಲೆಗಳಿಗೇ ರಕ್ಷಣೆ ಸಿಗುತ್ತದೆ ಎಂದು ರೈಶೌರ್ ವಾದಿಸುತ್ತಿದ್ದರು. ಇಬ್ಬರೂ ನೆಲೆಯನ್ನು ಉಳಿಸಲೆಂದೇ ಹೊರಟವರು, ಹಿಡಿದ ದಾರಿಗಳು ಮಾತ್ರ ಎದುರುಬದುರು.

ತಕ್ಕಡಿ ವಾಲತೊಡಗಿದ್ದು 1965ರಲ್ಲಿ. ವಿಯೆಟ್ನಾಂ ಯುದ್ಧದಿಂದ ಒಕಿನಾವಾದ ಸೇನಾ ಬೆಲೆ ಹಿಂದೆಂದಿಗಿಂತ ಏರಿದ್ದ ಹೊತ್ತಿನಲ್ಲೇ ಅದನ್ನು ಹಿಡಿದುಕೊಳ್ಳುವುದು ಹಿಂದೆಂದಿಗಿಂತ ಕಷ್ಟವಾಯಿತು. ಆ ವರ್ಷದ ಆಗಸ್ಟ್ 19ರಂದು ನಾಹಾದಲ್ಲಿ ಇಳಿದ ಪ್ರಧಾನಿ ಐಸಾಕು ಸಾಟೊ, ಒಕಿನಾವಾ ತಾಯ್ನೆಲಕ್ಕೆ ಮರಳದ ಹೊರತು ಜಪಾನಿನ ಯುದ್ಧೋತ್ತರ ಕಾಲ ಮುಗಿಯುವುದಿಲ್ಲ ಎಂದರು. ಅದಕ್ಕೆ ಒಂದು ತಿಂಗಳ ಮುಂಚೆ ರೈಶೌರ್ ವಾಷಿಂಗ್ಟನ್‌ನಲ್ಲಿ ಸೈನ್ಯದ ನಾಗರಿಕ ಮುಖ್ಯಸ್ಥ ಸ್ಟ್ಯಾನ್ಲಿ ರೀಸರ್ ಮತ್ತಿತರರಿಗೆ, ಈಗಲೇ ಸಿದ್ಧತೆ ಮಾಡಿಕೊಳ್ಳದಿದ್ದರೆ ಮುಂದೆ ಒಕಿನಾವಾವನ್ನೂ ಜಪಾನಿನ ಸ್ನೇಹವನ್ನೂ ಒಟ್ಟಿಗೆ ಕಳೆದುಕೊಳ್ಳಬೇಕಾದೀತು ಎಂಬ ಎಚ್ಚರಿಕೆ ಕೊಟ್ಟಿದ್ದರು. 1960ರ ಭದ್ರತಾ ಒಪ್ಪಂದವನ್ನು ಹತ್ತು ವರ್ಷಗಳ ನಂತರ ಯಾವ ಪಕ್ಷವಾದರೂ ಒಂದು ವರ್ಷದ ಮುನ್ಸೂಚನೆ ಕೊಟ್ಟು ಕೊನೆಗೊಳಿಸಬಹುದಿತ್ತು. 1970 ಹತ್ತಿರವಾದಂತೆ ರಾಜತಂತ್ರಜ್ಞರ ಮಾತಿಗೆ ತೂಕ ಬಂತು: ಒಕಿನಾವಾವನ್ನು ಬಿಡದೆ ಹೋದರೆ ಇಡೀ ಜಪಾನಿನ ನೆಲೆಗಳು ಅಪಾಯಕ್ಕೆ ಸಿಲುಕುತ್ತವೆ. ರಕ್ಷಣಾ ಇಲಾಖೆಯೊಳಗಿನ ನಾಗರಿಕ ಅಧಿಕಾರಿಗಳು, ಅವರಲ್ಲೂ ಮಾರ್ಟನ್ ಹಾಲ್ಪೆರಿನ್, ವಿದೇಶಾಂಗ ಇಲಾಖೆಯ ರಿಚರ್ಡ್ ಸ್ನೈಡರ್ ಅವರೊಡನೆ ಕೈಜೋಡಿಸಿದರು. ನನ್ನ ದೃಷ್ಟಿಯಲ್ಲಿ ನಿರ್ಣಾಯಕವಾದ ತಿರುವು ಇದೇ. ಸಮವಸ್ತ್ರದವರು ಒಬ್ಬಂಟಿಯಾದದ್ದು ತಮ್ಮದೇ ಕಟ್ಟಡದೊಳಗೆ.

1967ರ ನವೆಂಬರ್‌ನಲ್ಲಿ ಜಾನ್ಸನ್ ಮತ್ತು ಸಾಟೊ ಭೇಟಿಯಲ್ಲಿ ಒಗಸವಾರಾ ದ್ವೀಪಗಳನ್ನು ಮೊದಲು ಕೊಡುವುದೆಂದು ನಿಶ್ಚಯವಾಯಿತು. ಆ ದ್ವೀಪಗಳ ಸುಮಾರು 7,000 ನಿವಾಸಿಗಳನ್ನು ಜಪಾನ್ ಸೈನ್ಯ 1944ರಲ್ಲಿ ಮುಖ್ಯ ಭೂಭಾಗಕ್ಕೆ ಸಾಗಿಸಿತ್ತು. ಯುದ್ಧದ ನಂತರ ಪಾಶ್ಚಾತ್ಯ ಮೂಲದ ಸುಮಾರು 130 ಮಂದಿಗೆ ಮಾತ್ರ ಮರಳಲು ಅಮೆರಿಕದ ನೌಕಾಪಡೆ ಬಿಟ್ಟಿತ್ತು. ಒಗಸವಾರಾದ ಜೊತೆಗೆ ಮರಳಬೇಕಾದ ಇವೊ ಜಿಮಾದಲ್ಲಿ 1945ರ ಕದನದಲ್ಲಿ ಸುಮಾರು 7,000 ಅಮೆರಿಕನ್ನರು ಪ್ರಾಣ ಕಳೆದುಕೊಂಡಿದ್ದರು. ಸುರಿಬಾಚಿ ಬೆಟ್ಟದ ಮೇಲೆ ಧ್ವಜವೇರಿಸಿದ ಚಿತ್ರ ಪ್ರತಿ ಅಮೆರಿಕನ್ ಮನೆಗೂ ಗೊತ್ತು. ಅಲ್ಲಿನ ಸ್ಮಾರಕವನ್ನು ಉಳಿಸಿಕೊಂಡು 1968ರ ಜೂನ್ 26ರಂದು ದ್ವೀಪಗಳನ್ನು ಮರಳಿಸಲಾಯಿತು. ಸೇನಾ ಭಾವುಕತೆಯ ಅತಿ ಕಠಿಣ ಗಂಟನ್ನು ಬಿಚ್ಚಲು ಸಾಧ್ಯವಾದ ಮೇಲೆ ಒಕಿನಾವಾಕ್ಕೆ ಅಡ್ಡ ಬರುವಂಥದ್ದು ಹೆಚ್ಚೇನೂ ಉಳಿಯಲಿಲ್ಲ.

ಒಕಿನಾವಾದೊಳಗೆ ತಾಳ್ಮೆಯೂ ಮುಗಿದಿತ್ತು. 1968ರ ನವೆಂಬರ್ 10ರಂದು, ಮೊದಲ ಬಾರಿಗೆ ನೇರವಾಗಿ ನಡೆದ ಸ್ಥಳೀಯ ಸರ್ಕಾರದ ಮುಖ್ಯಸ್ಥರ ಚುನಾವಣೆಯಲ್ಲಿ, ತಕ್ಷಣವೇ ಬೇಷರತ್ತಾಗಿ ಮರಳಿಸಬೇಕೆಂದು ಕೇಳುತ್ತಿದ್ದ ಶಿಕ್ಷಕರ ಸಂಘದ ನಾಯಕ ಯಾರಾ ಚೊಬ್ಯೊ ಗೆದ್ದರು. ಒಂಬತ್ತು ದಿನಗಳ ನಂತರ ಕಡೇನಾದಿಂದ ವಿಯೆಟ್ನಾಂಗೆ ಹೊರಟ ಬಿ-52 ವಿಮಾನ ಮೇಲೇರುವಾಗಲೇ ಬಿದ್ದು ಸಿಡಿಯಿತು. ಶಸ್ತ್ರಾಗಾರ ದೂರದಲ್ಲೇನೂ ಇರಲಿಲ್ಲ. 1969ರ ಜುಲೈನಲ್ಲಿ ವಿಷಾನಿಲ ಸೋರಿ ಇಪ್ಪತ್ತಕ್ಕೂ ಹೆಚ್ಚು ಅಮೆರಿಕನ್ನರು ಅಸ್ವಸ್ಥರಾದ ಸುದ್ದಿ ಹೊರಬಂದಾಗಲೇ ತಮ್ಮ ಮನೆಗಳ ಪಕ್ಕದಲ್ಲಿ ರಾಸಾಯನಿಕ ಅಸ್ತ್ರಗಳಿವೆ ಎಂಬುದು ದ್ವೀಪದವರಿಗೆ ತಿಳಿದದ್ದು.

ನಿಕ್ಸನ್ ಆಡಳಿತ 1969ರ ಮೇ 28ರಂದು ತನ್ನ ನಿರ್ಧಾರವನ್ನು ಬರೆದಿಟ್ಟಿತು. ನೆಲೆಗಳ ಬಳಕೆಯ ಷರತ್ತುಗಳು ಒಪ್ಪಿಗೆಯಾದರೆ 1972ರಲ್ಲಿ ಮರಳಿಸಬಹುದು. ಕೊರಿಯಾ, ತೈವಾನ್, ವಿಯೆಟ್ನಾಂ ವಿಷಯದಲ್ಲಿ ನೆಲೆಗಳ ಬಳಕೆಗೆ ಗರಿಷ್ಠ ಸ್ವಾತಂತ್ರ್ಯ ಬೇಕು. ಉಳಿದೆಲ್ಲ ತೃಪ್ತಿಕರವಾಗಿದ್ದು, ತುರ್ತು ಸಂದರ್ಭದಲ್ಲಿ ಮತ್ತೆ ತರುವ ಹಕ್ಕು ಸಿಕ್ಕರೆ ಅಣ್ವಸ್ತ್ರಗಳನ್ನು ತೆಗೆಯುವುದನ್ನು ಕೊನೆಯ ಹಂತದಲ್ಲಿ ಅಧ್ಯಕ್ಷರು ಪರಿಗಣಿಸಬಹುದು. ಸೇನಾ ಮುಖ್ಯಸ್ಥರು ಅಣ್ವಸ್ತ್ರ ಅಲ್ಲೇ ಉಳಿಯಬೇಕೆಂದಿದ್ದರು. ನವೆಂಬರ್ 21ರ ಜಂಟಿ ಹೇಳಿಕೆಯಲ್ಲಿ, ಅಣ್ವಸ್ತ್ರವಿಲ್ಲದೆ, ಮುಖ್ಯ ಭೂಭಾಗಕ್ಕಿರುವ ನಿಯಮಗಳಡಿಯಲ್ಲೇ ಒಕಿನಾವಾ ಮರಳುತ್ತದೆ ಎಂದು ಸಾಟೊ ತಮ್ಮ ಜನರಿಗೆ ಹೇಳುವಂತಾಯಿತು. ಅದೇ ಹೇಳಿಕೆಯಲ್ಲಿ ಕೊರಿಯಾದ ಭದ್ರತೆ ಜಪಾನಿನ ಭದ್ರತೆಗೆ ಅತ್ಯಗತ್ಯವೆಂದೂ ತೈವಾನಿನದು ಮುಖ್ಯವೆಂದೂ ಬರೆಯಲಾಯಿತು. ಸೈನ್ಯ ಕೇಳುತ್ತಿದ್ದ ಭರವಸೆ ಅದರಲ್ಲಿತ್ತು. ಇನ್ನೊಂದು ಕಾಗದಕ್ಕೆ ನಿಕ್ಸನ್ ಮತ್ತು ಸಾಟೊ ಪಕ್ಕದ ಸಣ್ಣ ಕೋಣೆಯಲ್ಲಿ ಗುಟ್ಟಾಗಿ ಸಹಿ ಹಾಕಿದ್ದರು. ತೀವ್ರ ತುರ್ತು ಪರಿಸ್ಥಿತಿಯಲ್ಲಿ ಒಕಿನಾವಾಕ್ಕೆ ಅಣ್ವಸ್ತ್ರಗಳನ್ನು ಮತ್ತೆ ತರಲು ಜಪಾನ್ ಒಪ್ಪುತ್ತದೆ ಎಂದು ಅದರಲ್ಲಿತ್ತು. ಕಡೇನಾ, ನಾಹಾ, ಹೆನೊಕೊ ಎಂದು ಸಂಗ್ರಹದ ಜಾಗಗಳ ಹೆಸರೂ ಇದ್ದವು. ಸಾಟೊ ಅವರ ಗುಪ್ತ ದೂತರಾಗಿದ್ದ ವಕಾಯಿಜುಮಿ ಕೆಯ್ 1994ರಲ್ಲಿ ಇದನ್ನು ಬಹಿರಂಗಪಡಿಸಿದರು. ಮೂಲ ಪ್ರತಿ 2009ರಲ್ಲಿ ಸಾಟೊ ಅವರ ಮನೆಯಲ್ಲೇ ಸಿಕ್ಕಿತು. ಅಣ್ವಸ್ತ್ರ ವಿರೋಧಿ ನೀತಿಗಾಗಿ ಸಾಟೊ ಅವರಿಗೆ 1974ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತ್ತು.

ಗೆದ್ದವರು ಯಾರು ಎಂದು ನೀವು ಕೇಳಿದ್ದೀರಿ. ಆಳುವ ಹೊಣೆಯನ್ನು ಬಿಡಬೇಕೆಂಬ ವಾದದಲ್ಲಿ ರಾಜತಂತ್ರಜ್ಞರು ಗೆದ್ದರು. ಸೈನ್ಯ ಆಡಳಿತವನ್ನು ಕಳೆದುಕೊಂಡಿತು, ನೆಲೆಗಳನ್ನು ಉಳಿಸಿಕೊಂಡಿತು, ಅಣ್ವಸ್ತ್ರದ ವಿಷಯದಲ್ಲೂ ಅರ್ಧ ದಕ್ಕಿಸಿಕೊಂಡಿತು. ಜಪಾನ್ 32 ಕೋಟಿ ಡಾಲರ್ ಕೊಟ್ಟಿತು. 1972ರ ಮೇ 15ರಂದು ಹಸ್ತಾಂತರವಾದ ಮೇಲೆ ಮುಖ್ಯ ಭೂಭಾಗದ ನೆಲೆಗಳು ಕರಗುತ್ತ ಹೋದವು, ಒಕಿನಾವಾದವು ಹೆಚ್ಚು ಕರಗಲಿಲ್ಲ. ಇಂದು ಜಪಾನಿನ ಭೂಪ್ರದೇಶದಲ್ಲಿ ಶೇ 0.6ರಷ್ಟಿರುವ ಒಕಿನಾವಾದಲ್ಲೇ, ಅಮೆರಿಕದ ಸೇನೆ ಜಪಾನಿನಲ್ಲಿ ತಾನೊಂದೇ ಬಳಸಲು ಇಟ್ಟುಕೊಂಡಿರುವ ನೆಲೆಗಳ ವಿಸ್ತೀರ್ಣದಲ್ಲಿ ಸುಮಾರು ಶೇ 70ರಷ್ಟು ಇದೆ.

ಮೂರನೆಯ ಪಕ್ಷವೊಂದಿತ್ತು, ಅದನ್ನು ಎರಡೂ ರಾಜಧಾನಿಗಳು ಹೇಗೆ ನಡೆಸಿಕೊಂಡವು ಎಂಬುದಕ್ಕೆ ಒಂದು ದಿನದ ಸಂಗತಿಯನ್ನು ಹೇಳಬೇಕು. 1971ರ ನವೆಂಬರ್ 17ರಂದು ಯಾರಾ ಚೊಬ್ಯೊ, ಮರಳುವ ಒಕಿನಾವಾ ಹೇಗಿರಬೇಕು, ನೆಲೆಗಳಿಲ್ಲದ ಶಾಂತಿಯ ದ್ವೀಪ ಏಕಾಗಬೇಕು ಎಂದು ವಿವರಿಸುವ ದೀರ್ಘ ಮನವಿಯನ್ನು ಹಿಡಿದು ನಾಹಾದಿಂದ ಟೋಕಿಯೊಗೆ ವಿಮಾನ ಹತ್ತಿದರು. ಅವರು ಹನೇಡಾ ವಿಮಾನ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ, ಸಂಸತ್ತಿನ ಕೆಳಮನೆಯ ವಿಶೇಷ ಸಮಿತಿಯಲ್ಲಿ ಆಡಳಿತ ಪಕ್ಷ ವಿರೋಧ ಪಕ್ಷಗಳ ಪ್ರತಿಭಟನೆಯ ನಡುವೆ ಚರ್ಚೆಯನ್ನು ಮೊಟಕುಗೊಳಿಸಿ ಒಕಿನಾವಾ ಮರಳಿಸುವ ಒಪ್ಪಂದವನ್ನು ಅಂಗೀಕರಿಸಿಯಾಗಿತ್ತು. ಮನವಿ ಅವರ ಕೈಯಲ್ಲೇ ಇತ್ತು.